ಸ್ಕೀ ಇಳಿಜಾರಿನ ಹಿಮ: ಆಕಾಶದ್ದೆಷ್ಟು, ಯಂತ್ರದ್ದೆಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಗುಲ್ಮಾರ್ಗ್, ಔಲಿ, ಸ್ವಿಟ್ಜರ್‌ಲೆಂಡ್ ಅಂತ ಸ್ಕೀಯಿಂಗ್‌ಗೆ ಹೊರಡುವ ಕನ್ನಡದವರು ಈಗ ಜಾಸ್ತಿ. "ಹಿಮ ಇರುತ್ತಾ?" ಅನ್ನುವುದು ಅವರ ಮೊದಲ ಪ್ರಶ್ನೆ. "ಇಲ್ಲದಿದ್ದರೆ ಏನಂತೆ, ಯಂತ್ರ ಇದೆಯಲ್ಲ" ಅನ್ನುವುದು ಎರಡನೇ ಮಾತು. ಆ ಎರಡನೇ ಮಾತಿನಿಂದಲೇ ಬಹಳ ಜನ ನಿರಾಸೆಗೊಂಡು ವಾಪಸ್ ಬರುತ್ತಾರೆ. ಹಿಮ ಮಾಡುವ ಯಂತ್ರಕ್ಕೆ ನೀರು ಬೇಕು, ಕರೆಂಟ್ ಬೇಕು. ಎಲ್ಲಕ್ಕಿಂತ ಮೊದಲು ಚಳಿ ಬೇಕು. ಕೆಳಗಿನ ಹೆಚ್ಚಿನ ಉತ್ತರಗಳು ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ.

ಯಂತ್ರ ಮಾಡುವ ಹಿಮ ನಿಜವಾದ ಹಿಮವೇನಾ?

ಹೌದು. ಅದರಲ್ಲಿ ಇರುವುದು ಹೆಪ್ಪುಗಟ್ಟಿದ ನೀರು. ಬಿಸಿಲು ಬಿದ್ದರೆ ಕರಗುತ್ತದೆ, ಕೈಗೆ ಜುಮ್ಮೆನ್ನುತ್ತದೆ. ಸಿನಿಮಾ ಸೆಟ್‌ಗಳಲ್ಲಿ ಉದುರಿಸುವ ನೊರೆ, ಉಪ್ಪು, ಕಾಗದದ ಚೂರುಗಳಿಗೂ ಇದಕ್ಕೂ ಸಂಬಂಧವಿಲ್ಲ.

ಹಾಗಾದರೆ ಎರಡಕ್ಕೂ ವ್ಯತ್ಯಾಸವೇ ಇಲ್ವಾ?

ಇದೆ, ಚೆನ್ನಾಗಿಯೇ ಇದೆ. ಮೋಡದೊಳಗೆ ಹಿಮ ನಿಧಾನವಾಗಿ ಬೆಳೆಯುತ್ತದೆ. ಮೊದಲು ಒಂದು ಧೂಳಿನ ಕಣದ ಮೇಲೆ ಪುಟ್ಟ ಮಂಜುಗಡ್ಡೆಯ ಕಣ ಹುಟ್ಟುತ್ತದೆ. ಆಮೇಲೆ ಸುತ್ತಲಿನ ನೀರಾವಿ ದ್ರವವಾಗದೆ ನೇರವಾಗಿ ಅದರ ಮೇಲೆ ಕೂರುತ್ತಾ ಹೋಗುತ್ತದೆ. ಆರು ಮೂಲೆಗಳು, ಆರು ತೋಳುಗಳು ಮೂಡುವುದು ಹೀಗೆ. ತಾಪಮಾನ ಮತ್ತು ತೇವಾಂಶ ಬದಲಾದಂತೆ ತಟ್ಟೆ, ಸೂಜಿ, ನಕ್ಷತ್ರ ಎಂದು ಆಕಾರವೂ ಬದಲಾಗುತ್ತದೆ. ಜಪಾನಿನ ಭೌತವಿಜ್ಞಾನಿ ಉಕಿಚಿರೊ ನಕಾಯಾ ಇದನ್ನು ಹೊಕ್ಕೈಡೊ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಮಾಡಿ ತೋರಿಸಿದರು. 1936ರಲ್ಲಿ ಅವರು ಮೊಲದ ಕೂದಲಿನ ತುದಿಯಲ್ಲಿ ಹಿಮದ ಹರಳು ಬೆಳೆಸಿದರು. ಕೃತಕವಾಗಿ ಬೆಳೆಸಿದ ಮೊದಲ ಹಿಮಹರಳು ಅದು.

ಸ್ಕೀ ಇಳಿಜಾರಿನ ಯಂತ್ರಕ್ಕೆ ಅಷ್ಟು ತಾಳ್ಮೆ ಇಲ್ಲ. ಅದು ನೀರಿನ ಹನಿಯನ್ನೇ ಹಾರಿಸುತ್ತದೆ. ಹನಿ ನೆಲಕ್ಕೆ ಬೀಳುವ ಕೆಲವು ಸೆಕೆಂಡುಗಳಲ್ಲಿ ಗಟ್ಟಿಯಾಗಬೇಕು. ಹಾಗಾಗಿ ತೋಳೂ ಇಲ್ಲ, ನಕ್ಷತ್ರವೂ ಇಲ್ಲ. ಬರುವುದು ಸಣ್ಣ ಸಣ್ಣ ದುಂಡು ಕಾಳು, ಹೆಚ್ಚಾಗಿ ಒಂದು ಮಿಲಿಮೀಟರ್‌ಗಿಂತ ಚಿಕ್ಕವು.

ತೋಳುಗಳಿರುವ ಹರಳುಗಳು ಒಂದರ ಮೇಲೊಂದು ಬಿದ್ದಾಗ ನಡುವೆ ಬೇಕಾದಷ್ಟು ಗಾಳಿ ಉಳಿಯುತ್ತದೆ. ದುಂಡು ಕಾಳುಗಳು ಒತ್ತಾಗಿ ಕೂರುತ್ತವೆ. ಈಗ ತಾನೇ ಬಿದ್ದ ನೈಸರ್ಗಿಕ ಹಿಮ ಒಂದು ಘನ ಮೀಟರ್‌ಗೆ ಸುಮಾರು 50ರಿಂದ 100 ಕಿಲೋ ತೂಗುತ್ತದೆ. ಯಂತ್ರದ ಹಿಮ ಅಷ್ಟೇ ಜಾಗದಲ್ಲಿ 300ರಿಂದ 500 ಕಿಲೋ. ಸವಾರಿ, ಬಾಳಿಕೆ, ಪರಿಸರ, ಖರ್ಚು, ಎಲ್ಲ ವ್ಯತ್ಯಾಸಗಳೂ ಈ ತೂಕದಿಂದಲೇ ಹೊರಡುತ್ತವೆ.

ಹಿಮ ಗನ್ ಹೇಗೆ ಕೆಲಸ ಮಾಡುತ್ತದೆ?

ಹಿಮ ಮಾಡುವ ಯಂತ್ರಕ್ಕೇ ಹಿಮ ಗನ್ ಎನ್ನುತ್ತಾರೆ. ಎರಡು ಬಗೆ ಇವೆ. ಒಂದು ಫ್ಯಾನ್ ಗನ್. ದೊಡ್ಡ ಡ್ರಮ್ಮಿನೊಳಗೆ ಫ್ಯಾನ್, ಅದರ ಬಾಯಿಯ ಸುತ್ತ ಬಳೆಯಂತೆ ನಳಿಕೆಗಳು. ಇನ್ನೊಂದು ಲ್ಯಾನ್ಸ್. ಅದು 10 ಮೀಟರ್ ತನಕ ಎತ್ತರದ ಕೊಳವೆ, ತುದಿಯಲ್ಲಿ ನಳಿಕೆಗಳು. ಲ್ಯಾನ್ಸ್‌ಗೆ ಫ್ಯಾನ್ ಬೇಡ, ಹನಿ ಎತ್ತರದಿಂದ ಬೀಳುವಾಗಲೇ ಹೆಪ್ಪುಗಟ್ಟುತ್ತದೆ. ಆದರೆ ಜೋರು ಗಾಳಿ ಬೀಸಿದರೆ ಅದರ ಹಿಮ ಪಕ್ಕದ ಕಾಡಿಗೆ ಹೋಗುತ್ತದೆ.

ಒಳಗಿನ ಗುಟ್ಟು ಎರಡರಲ್ಲೂ ಒಂದೇ. ಶುದ್ಧ ನೀರಿನ ಪುಟ್ಟ ಹನಿ ಸೊನ್ನೆ ಡಿಗ್ರಿಯಲ್ಲಿ ತಾನಾಗಿ ಹೆಪ್ಪುಗಟ್ಟುವುದಿಲ್ಲ. ಸೊನ್ನೆಗಿಂತ ಎಷ್ಟೋ ಕೆಳಗಿಳಿದರೂ ನೀರಾಗಿಯೇ ಇರಬಲ್ಲದು. ಅದಕ್ಕೆ ಶುರುಮಾಡಿಕೊಳ್ಳಲು ಒಂದು ಬೀಜ ಬೇಕು. ಅದಕ್ಕಾಗಿ ಗನ್‌ನಲ್ಲಿ ಪ್ರತ್ಯೇಕ ನಳಿಕೆಗಳಿರುತ್ತವೆ. ಅವು ಒತ್ತಡದ ಗಾಳಿಯನ್ನೂ ಸ್ವಲ್ಪ ನೀರನ್ನೂ ಒಟ್ಟಿಗೆ ಹೊರಬಿಡುತ್ತವೆ. ಒತ್ತಡದಿಂದ ಬಿಡುಗಡೆಯಾದ ಗಾಳಿ ಹಿಗ್ಗಿ ಥಟ್ಟನೆ ತಣ್ಣಗಾಗುತ್ತದೆ. ಆಗ ಸೂಕ್ಷ್ಮವಾದ ಮಂಜುಗಡ್ಡೆ ಕಣಗಳು ಹುಟ್ಟುತ್ತವೆ. ಇವೇ ಬೀಜ. ದೊಡ್ಡ ಹನಿಗಳು ಹಾರುತ್ತಾ ಈ ಬೀಜಗಳಿಗೆ ತಾಗಿದಾಗ ಹೆಪ್ಪುಗಟ್ಟಲು ಶುರುವಾಗುತ್ತದೆ.

ಇಲ್ಲಿ ಬಹಳ ಜನ ಮರೆಯುವ ಒಂದು ಸಂಗತಿಯಿದೆ. ನೀರು ಹೆಪ್ಪುಗಟ್ಟುವಾಗ ಬಿಸಿ ಹೊರಬಿಡುತ್ತದೆ, ಒಂದು ಗ್ರಾಂಗೆ ಸುಮಾರು 80 ಕ್ಯಾಲೊರಿ. ಆ ಬಿಸಿಯನ್ನು ಸುತ್ತಲಿನ ಗಾಳಿಯೇ ಹೊತ್ತೊಯ್ಯಬೇಕು. ಗಾಳಿ ಸಾಕಷ್ಟು ತಣ್ಣಗಿಲ್ಲದಿದ್ದರೆ ಎಂಥ ದುಬಾರಿ ಯಂತ್ರ ತಂದರೂ ಬೀಳುವುದು ಮಳೆಯೇ.

ಹನಿ ಮೊದಲು ಹೊರಗಿನಿಂದ ಗಟ್ಟಿಯಾಗುತ್ತದೆ. ಒಳಗೆ ಇನ್ನೂ ಸ್ವಲ್ಪ ನೀರು ಉಳಿದಿರಬಹುದು. ಅದಕ್ಕೇ ಗನ್ ಮುಂದೆ ಬಿದ್ದ ಗುಡ್ಡೆಯನ್ನು ಒಂದೆರಡು ದಿನ ಹಾಗೇ ಬಿಡುತ್ತಾರೆ. ನೀರು ಬಸಿದು, ಕಾಳುಗಳು ಕೂಡಿಕೊಂಡ ಮೇಲೆ ದೊಡ್ಡ ಯಂತ್ರಗಳಿಂದ ಹರಡುತ್ತಾರೆ.

ಸೊನ್ನೆ ಡಿಗ್ರಿ ಆದರೆ ಸಾಕಲ್ವಾ?

ಸಾಲದು. ಕೆಲವೊಮ್ಮೆ ಸೊನ್ನೆಗಿಂತ ಮೇಲಿದ್ದರೂ ಸಾಕು! ಗನ್ ನಡೆಸುವವರು ಸಾಮಾನ್ಯ ಥರ್ಮಾಮೀಟರ್ ನೋಡುವುದಿಲ್ಲ, ವೆಟ್ ಬಲ್ಬ್ ತಾಪಮಾನ ನೋಡುತ್ತಾರೆ. ಅಂದರೆ, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಅಂಕಿ. ಗಾಳಿ ಒಣಗಿದ್ದರೆ ಬಟ್ಟೆಯ ನೀರು ಬೇಗ ಆವಿಯಾಗುತ್ತದೆ, ಅಂಕಿ ಕೆಳಗಿಳಿಯುತ್ತದೆ. ಹಾರುವ ಹನಿಗೂ ಆಗುವುದು ಇದೇ. ಅದರ ಒಂದು ಚೂರು ಆವಿಯಾಗಿ ಉಳಿದದ್ದನ್ನು ತಣ್ಣಗೆ ಮಾಡುತ್ತದೆ.

ಸಾಮಾನ್ಯವಾಗಿ ವೆಟ್ ಬಲ್ಬ್ ಅಂಕಿ ಮೈನಸ್ 2.5 ಡಿಗ್ರಿ ಆಸುಪಾಸು ಅಥವಾ ಅದಕ್ಕಿಂತ ಕೆಳಗೆ ಇರಬೇಕು. ಎರಡು ಉದಾಹರಣೆ ನೋಡಿ. ಗಾಳಿ 1 ಡಿಗ್ರಿ ಇದ್ದು ತೇವಾಂಶ ಶೇ. 30 ಇದ್ದರೆ ವೆಟ್ ಬಲ್ಬ್ ಸುಮಾರು ಮೈನಸ್ 3. ಗನ್ ಓಡಿಸಬಹುದು. ಗಾಳಿ ಮೈನಸ್ 1 ಡಿಗ್ರಿ ಇದ್ದು ತೇವಾಂಶ ಶೇ. 90 ಇದ್ದರೆ ವೆಟ್ ಬಲ್ಬ್ ಮೈನಸ್ 1.5ರ ಹತ್ತಿರ. ಗನ್ ಸುಮ್ನೆ ನಿಲ್ಲಬೇಕು. ನಮಗೆ ಜಾಸ್ತಿ ಚಳಿ ಅನ್ನಿಸುವುದು ಎರಡನೆಯ ದಿನವೇ!

ವೆಟ್ ಬಲ್ಬ್ ಇನ್ನೂ ಕೆಳಗಿಳಿದರೆ ಹಿಮವೂ ಒಳ್ಳೆಯದಾಗುತ್ತದೆ, ಪ್ರಮಾಣವೂ ಏರುತ್ತದೆ. ಮೈನಸ್ 3ರಲ್ಲಿ ಬರುವುದು ಒದ್ದೆ ಹಿಮ. ಮೈನಸ್ 10ರಲ್ಲಿ ಒಂದು ದೊಡ್ಡ ಫ್ಯಾನ್ ಗನ್ ಗಂಟೆಗೆ 50 ಘನ ಮೀಟರ್‌ಗೂ ಹೆಚ್ಚು ಒಣ ಹಿಮ ಕೊಡಬಲ್ಲದು. ಹೀಗಾಗಿ ಆಲ್ಪ್ಸ್‌ನ ರೆಸಾರ್ಟ್‌ಗಳು ನವೆಂಬರ್‌ನಲ್ಲಿ ಮೂರ್ನಾಲ್ಕು ದಿನದ ಗಟ್ಟಿ ಚಳಿಗಾಗಿ ಕಾಯುತ್ತಾ ಕೂರುತ್ತವೆ. ಅದು ಬಂದ ಕೂಡಲೇ ಹಗಲು ರಾತ್ರಿ ಎಲ್ಲ ಗನ್ ಓಡಿಸಿ ಇಡೀ ಋತುವಿನ ತಳಪದರ ಹಾಕಿಬಿಡುತ್ತವೆ. ಆ ಅವಕಾಶ ತಪ್ಪಿದರೆ ಕ್ರಿಸ್‌ಮಸ್ ವ್ಯಾಪಾರ ಹೋದಂತೆಯೇ.

ಹಿಮಕ್ಕೆ ಬ್ಯಾಕ್ಟೀರಿಯಾ ಹಾಕುತ್ತಾರಂತೆ. ನಿಜವೇ?

ಕೆಲವು ಕಡೆ ನಿಜ. ಸ್ಯೂಡೊಮೊನಾಸ್ ಸಿರಿಂಗೆ ಎನ್ನುವ ಬ್ಯಾಕ್ಟೀರಿಯಾ ಇದೆ. ಚಳಿಯಲ್ಲಿ ಬೆಳೆಗಳ ಎಲೆ ಹೆಪ್ಪುಗಟ್ಟಿಸಿ ಹಾನಿ ಮಾಡುವುದರಲ್ಲಿ ಹೆಸರು ಪಡೆದದ್ದು. ಅದರ ಮೈಮೇಲಿನ ಪ್ರೋಟೀನ್ ನೀರಿನ ಅಣುಗಳನ್ನು ಮಂಜುಗಡ್ಡೆಯ ಜೋಡಣೆಗೆ ತಂದು ನಿಲ್ಲಿಸುತ್ತದೆ. ಹಾಗಾಗಿ ನೀರು ಸೊನ್ನೆಗೆ ಹತ್ತಿರದ ತಾಪಮಾನದಲ್ಲೇ ಹೆಪ್ಪುಗಟ್ಟುತ್ತದೆ. ಆ ಬ್ಯಾಕ್ಟೀರಿಯಾವನ್ನು ಕೊಂದು, ಒಣಗಿಸಿ, ಸ್ನೋಮ್ಯಾಕ್ಸ್ ಎಂಬ ಹೆಸರಿನಲ್ಲಿ ಮಾರುತ್ತಾರೆ. ಅಮೆರಿಕದಲ್ಲಿ ಬಳಕೆಯಿದೆ. ಆಸ್ಟ್ರಿಯಾ ಮತ್ತು ಜರ್ಮನಿಯ ಬವೇರಿಯಾದಲ್ಲಿ ನೀರು, ಗಾಳಿ ಬಿಟ್ಟು ಬೇರೇನನ್ನೂ ಸೇರಿಸಲು ಬಿಡುವುದಿಲ್ಲ.

ಈ ಗನ್ ಯಾರ ತಲೆಯಲ್ಲಿ ಹೊಳೆದದ್ದು?

ಅಮೆರಿಕದ ಕನೆಕ್ಟಿಕಟ್‌ನಲ್ಲಿ ಸ್ಕೀ ತಯಾರಿಸುತ್ತಿದ್ದ ಮೂವರ ತಲೆಯಲ್ಲಿ: ವೇಯ್ನ್ ಪಿಯರ್ಸ್, ಆರ್ಟ್ ಹಂಟ್, ಡೇವ್ ರಿಚಿ. 1949–50ರ ಚಳಿಗಾಲದಲ್ಲಿ ಅಲ್ಲಿ ಹಿಮವೇ ಬೀಳಲಿಲ್ಲ. ಹಿಮ ಇಲ್ಲದ ಮೇಲೆ ಸ್ಕೀ ಯಾರು ಕೊಳ್ಳುತ್ತಾರೆ? 1950ರಲ್ಲಿ ಅವರು ಪೇಂಟ್ ಹೊಡೆಯುವ ಕಂಪ್ರೆಸರ್, ನಳಿಕೆ, ತೋಟಕ್ಕೆ ನೀರು ಬಿಡುವ ಪೈಪು ಜೋಡಿಸಿ ಹಿಮ ಹಾರಿಸಿದರು. 1954ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ಬರಗಾಲದ ಚಳಿಗಾಲದಲ್ಲಿ, ಅದೇ ರಾಜ್ಯದ ಮೊಹಾಕ್ ಮೌಂಟನ್‌ನಲ್ಲಿ, ಮಂಜುಗಡ್ಡೆಯ ಬ್ಲಾಕ್‌ಗಳನ್ನು ತರಿಸಿ ಪುಡಿಮಾಡಿ ಇಳಿಜಾರಿನ ಮೇಲೆ ಹರಡಿದ್ದರು. 1952ರಲ್ಲಿ ನ್ಯೂಯಾರ್ಕ್ ರಾಜ್ಯದ ಗ್ರಾಸಿಂಜರ್ಸ್ ರೆಸಾರ್ಟ್ ಯಂತ್ರದ ಹಿಮವನ್ನು ವ್ಯಾಪಾರಕ್ಕೆ ಇಳಿಸಿತು.

ಇನ್ನೊಂದು ಸ್ವಾರಸ್ಯ. ಅದಕ್ಕೂ ಮುಂಚೆ, 1940ರ ದಶಕದಲ್ಲಿ, ಕೆನಡಾದ ಸಂಶೋಧಕರು ಜೆಟ್ ಎಂಜಿನ್‌ಗೆ ಮಂಜು ಹಿಡಿಯುವುದನ್ನು ಪರೀಕ್ಷಿಸಲು ಗಾಳಿ ಸುರಂಗದಲ್ಲಿ ನೀರು ಸಿಂಪಡಿಸುತ್ತಿದ್ದರು. ಬೇಡವೆಂದರೂ ಹಿಮ ಆಗುತ್ತಿತ್ತು. ಅವರಿಗೆ ಅದು ಬರೀ ಕಾಟ!

ಎಷ್ಟು ನೀರು ಬೇಕು?

ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದು ಹೆಕ್ಟೇರ್ ಇಳಿಜಾರು, ಅಂದರೆ ಹತ್ತಿರ ಹತ್ತಿರ ಎರಡೂವರೆ ಎಕರೆ. ಅದರ ಮೇಲೆ 30 ಸೆಂಟಿಮೀಟರ್ ಹಿಮ ಹಾಕಬೇಕು. ಅದು 3,000 ಘನ ಮೀಟರ್ ಹಿಮ. ಒಂದು ಘನ ಮೀಟರ್‌ಗೆ 400 ಕಿಲೋ ಅಂದುಕೊಂಡರೆ 12 ಲಕ್ಷ ಲೀಟರ್ ನೀರು. ಬೆಂಗಳೂರಿನ 6,000 ಲೀಟರ್ ಟ್ಯಾಂಕರ್‌ಗಳಲ್ಲಿ ಹೇಳುವುದಾದರೆ 200 ಟ್ಯಾಂಕರ್. ಇದು ತಳಪದರಕ್ಕೆ ಮಾತ್ರ. ಋತು ಮುಗಿಯುವ ತನಕ ಮತ್ತೆ ಮತ್ತೆ ಹಾಕುತ್ತಲೇ ಇರಬೇಕು. ದೊಡ್ಡ ರೆಸಾರ್ಟ್‌ಗಳಲ್ಲಿ ಇಂಥ ಹೆಕ್ಟೇರ್‌ಗಳು ನೂರಾರು.

"ವಸಂತದಲ್ಲಿ ಕರಗಿ ಹೊಳೆಗೇ ಹೋಗುತ್ತದಲ್ಲ, ನಷ್ಟ ಎಲ್ಲಿ?" ಎಂದು ರೆಸಾರ್ಟ್‌ನವರು ಕೇಳುತ್ತಾರೆ. ಮಾತಿನಲ್ಲಿ ಹುರುಳಿದೆ. ಆವಿಯಾಗಿ ಹೋಗುವುದನ್ನು ಬಿಟ್ಟರೆ ಬಹುಪಾಲು ವಾಪಸ್ ಬರುತ್ತದೆ. ಆದರೆ ತೊಂದರೆ ಇರುವುದು ಕಾಲದಲ್ಲಿ. ಬೆಟ್ಟದ ಹೊಳೆಗಳಲ್ಲಿ ನೀರು ತೀರ ಕಡಿಮೆ ಇರುವುದೇ ಚಳಿಗಾಲದಲ್ಲಿ. ಗನ್‌ಗಳಿಗೆ ನೀರು ಬೇಕಾಗುವುದೂ ಆಗಲೇ. ಹೀಗಾಗಿ ಆಲ್ಪ್ಸ್‌ನ ತುದಿಗಳಲ್ಲಿ ಈಗ ಪ್ಲಾಸ್ಟಿಕ್ ಹಾಸಿದ ಕೆರೆಗಳು ಎದ್ದಿವೆ. ಬೇಸಿಗೆಯಲ್ಲಿ ತುಂಬಿಸಿಟ್ಟುಕೊಳ್ಳುತ್ತಾರೆ. ಕೆಲವು ನೋಡಲು ಚೆಂದ, ನನ್ನ ಕಣ್ಣಿಗೆ ಹೆಚ್ಚಿನವು ಕ್ವಾರಿ ಗುಂಡಿಗಳೇ.

ಕರೆಂಟು, ದುಡ್ಡು?

ಒಳ್ಳೆ ಚಳಿ, ಹೊಸ ಯಂತ್ರ ಇದ್ದರೆ ಒಂದು ಘನ ಮೀಟರ್ ಹಿಮಕ್ಕೆ ಒಂದೆರಡು ಯೂನಿಟ್ ಸಾಕು. ಹಳೆ ಯಂತ್ರವನ್ನು ಅರೆಬರೆ ಚಳಿಯಲ್ಲಿ ಓಡಿಸಿದರೆ ಅದರ ಹಲವು ಪಟ್ಟು. ಆಲ್ಪ್ಸ್‌ನಲ್ಲಿ ಎಲ್ಲ ಸೇರಿಸಿ ಘನ ಮೀಟರ್‌ಗೆ ಸುಮಾರು 3ರಿಂದ 5 ಯೂರೊ ಅನ್ನುತ್ತಾರೆ. ಟಿಕೆಟ್ ಯಾಕೆ ಅಷ್ಟು ದುಬಾರಿ ಎಂದು ಈಗ ಗೊತ್ತಾಯಿತಲ್ವಾ?

ಒಲಿಂಪಿಕ್ಸ್‌ನಲ್ಲೂ ಯಂತ್ರದ ಹಿಮವೇ?

ಈಗ ಹೌದು. ಮುಂಚೆ ಇರಲಿಲ್ಲ, ಅದರ ಪಾಡನ್ನೂ ಪಟ್ಟಿದ್ದಾರೆ. 1964ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಹಿಮವೇ ಇರಲಿಲ್ಲ. ಸೈನಿಕರು ಬೆಟ್ಟದ ಮೇಲಿನಿಂದ 40,000 ಘನ ಮೀಟರ್ ಹಿಮವನ್ನು ಸ್ಕೀ ಇಳಿಜಾರುಗಳಿಗೆ ಹೊತ್ತು ತಂದರು. ಬಾಬ್‌ಸ್ಲೆಡ್ ಮತ್ತು ಲೂಜ್ ಎಂಬ ಜಾರುಬಂಡಿ ಓಟಗಳ ದಾರಿಗೆ 20,000 ಮಂಜುಗಡ್ಡೆ ಇಟ್ಟಿಗೆಗಳು ಬೇರೆ. ಕೊನೆಗೆ ಕಾಲಿನಿಂದಲೇ ತುಳಿದು ಗಟ್ಟಿ ಮಾಡಿದರು.

ಒಲಿಂಪಿಕ್ಸ್‌ನಲ್ಲಿ ಯಂತ್ರದ ಹಿಮ ಮೊದಲು ಬಂದದ್ದು 1980ರಲ್ಲಿ, ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ. 2010ರಲ್ಲಿ ವ್ಯಾಂಕೂವರ್‌ನ ಸೈಪ್ರೆಸ್ ಮೌಂಟನ್‌ನಲ್ಲಿ ಗನ್ ಇದ್ದರೂ ಚಳಿ ಇರಲಿಲ್ಲ. ಲಾರಿ, ಹೆಲಿಕಾಪ್ಟರ್‌ಗಳಲ್ಲಿ ಹಿಮ ತಂದರು, ಹುಲ್ಲಿನ ಪಿಂಡಿಗಳನ್ನು ಕೆಳಗೆ ಹಾಸಿ ಮೇಲೆ ಹಿಮ ಹರಡಿದರು. "ಯಂತ್ರ ಇದೆಯಲ್ಲ" ಅನ್ನುವವರು ನೆನಪಿಟ್ಟುಕೊಳ್ಳಬೇಕಾದ ಊರು ಅದು. 2014ರ ಸೋಚಿಯವರು ಹಿಂದಿನ ವರ್ಷದ ಹಿಮವನ್ನೇ ಲಕ್ಷಗಟ್ಟಲೆ ಘನ ಮೀಟರ್ ಕೂಡಿಸಿ, ಹೊದಿಕೆ ಹೊದಿಸಿ ಕಾಪಾಡಿಕೊಂಡಿದ್ದರು.

2022ರ ಬೀಜಿಂಗ್‌ನದು ಇದಕ್ಕೆ ತದ್ವಿರುದ್ಧ. ಯಾನ್‌ಚಿಂಗ್, ಝಾಂಗ್‌ಜಿಯಾಕೌ ಬೆಟ್ಟಗಳಲ್ಲಿ ಚಳಿ ಭಯಂಕರ, ಆದರೆ ಹವೆ ಒಣ. ಹಿಮ ಬೀಳುವುದೇ ಅಪರೂಪ. ಬಹುತೇಕ ಪೂರ್ತಿ ಯಂತ್ರದ ಹಿಮದ ಮೇಲೆಯೇ ಕೂಟ ನಡೆಯಿತು. ಟಿವಿಯಲ್ಲಿ ಕಂದು ಬೆಟ್ಟದ ನಡುವೆ ಬಿಳಿ ಪಟ್ಟಿ ನೋಡಿ ಜಗತ್ತೇ ಹುಬ್ಬೇರಿಸಿತು. ಗನ್ ನಡೆಸುವವರ ಕಣ್ಣಿನಿಂದ ನೋಡಿದರೆ ಅದು ಸ್ವರ್ಗ. ಚಳಿಯೂ ಇದೆ, ಒಣ ಗಾಳಿಯೂ ಇದೆ.

ತಮಾಷೆ ನೋಡಿ, ಫೆಬ್ರವರಿ 13ರಂದು ಪುರುಷರ ಜೈಂಟ್ ಸ್ಲಾಲಂ (ನೆಟ್ಟ ಕಂಬಗಳನ್ನು ಸುತ್ತುತ್ತಾ ಇಳಿಯುವ ಓಟ) ಇದ್ದ ದಿನವೇ ಅಲ್ಲಿ ನಿಜವಾದ ಹಿಮ ಧೋ ಎಂದು ಸುರಿಯಿತು. ಎದುರಿಗೇನಿದೆ ಕಾಣದೆ ಎರಡನೇ ಸುತ್ತು ತಡವಾಯಿತು. ಆ ಕೂಟದಲ್ಲಿ ಭಾರತದ ಏಕೈಕ ಸ್ಪರ್ಧಿ, ಗುಲ್ಮಾರ್ಗ್ ಕಡೆಯ ಆರಿಫ್ ಖಾನ್, 45ನೇ ಸ್ಥಾನ ಪಡೆದದ್ದು ಅದೇ ಸ್ಪರ್ಧೆಯಲ್ಲಿ.

ಸ್ಪರ್ಧಿಗಳಿಗೆ ಯಾವುದು ಇಷ್ಟ?

ಇಳಿಜಾರಿನ ಓಟಗಾರರಿಗೆ ಯಂತ್ರದ ಹಿಮವೇ. ಮೊದಲ ಸ್ಪರ್ಧಿ ಇಳಿದ ದಾರಿ ಮೂವತ್ತನೆಯವರಿಗೂ ಹಾಗೇ ಸಿಗಬೇಕು. ಮೆತ್ತನೆ ಹಿಮದಲ್ಲಿ ಹತ್ತು ಜನ ಇಳಿಯುವಷ್ಟರಲ್ಲಿ ಗುಂಡಿ ಬೀಳುತ್ತದೆ, ಅದು ಹಿಂದೆ ಬರುವವರಿಗೆ ಅನ್ಯಾಯ. ಅದಕ್ಕೇ ವಿಶ್ವಕಪ್ ಸ್ಪರ್ಧೆಗಳಲ್ಲಿ ಗಟ್ಟಿ ಹಿಮಕ್ಕೂ ನಳಿಕೆಗಳಿಂದ ನೀರು ಚುಚ್ಚಿ, ರಾತ್ರಿ ಹೆಪ್ಪುಗಟ್ಟಿಸುತ್ತಾರೆ. ಹತ್ತಿರ ಹತ್ತಿರ ಮಂಜುಗಡ್ಡೆಯೇ ಅದು.

ಹವೆ ಬೆಚ್ಚಗಾದರೆ ಉಪ್ಪು ಎರಚುವುದೂ ಉಂಟು. ಉಪ್ಪು ಕರಗಿಸುತ್ತದಲ್ಲ, ಗಟ್ಟಿ ಹೇಗಾಗುತ್ತದೆ ಎಂದು ಕೇಳಬಹುದು. ಉಪ್ಪು ತಾಗಿದ ಕಡೆ ಸ್ವಲ್ಪ ಹಿಮ ಕರಗುತ್ತದೆ. ಕರಗಲು ಬೇಕಾದ ಬಿಸಿಯನ್ನು ಸುತ್ತಲಿನ ಹಿಮದಿಂದಲೇ ಎಳೆದುಕೊಳ್ಳುತ್ತದೆ. ಸುತ್ತಲಿನ ಒದ್ದೆ ಹಿಮ ಆಗ ಗಟ್ಟಿಯಾಗುತ್ತದೆ. ಕೆಲವು ಗಂಟೆಗಳ ಉಪಾಯ ಅಷ್ಟೇ.

ಮೊದಲ ಸಲ ಕಲಿಯುವವರಿಗೆ?

ಚೆನ್ನಾಗಿ ಹದ ಮಾಡಿದ ಇಳಿಜಾರು ಯಾವುದಾದರೂ ಸರಿ. ಯಂತ್ರದ ಹಿಮ ಸಮತಟ್ಟಾಗಿರುತ್ತದೆ, ಸ್ಕೀ ಎಲ್ಲಿ ಹೋಗುತ್ತದೆ ಎಂದು ಮೊದಲೇ ಗೊತ್ತಾಗುತ್ತದೆ. ಆದರೆ ಬಿದ್ದರೆ ನೋವು ಜಾಸ್ತಿ. ಹೆಲ್ಮೆಟ್ ಬಿಡಬೇಡಿ, ಮಣಿಕಟ್ಟಿನ ಮೇಲೆ ಬೀಳಬೇಡಿ. ಮೊಣಕಾಲುದ್ದದ ಹೊಸ ಹಿಮ ಫೋಟೊಗೆ ಚೆಂದ. ಅದರಲ್ಲಿ ಕಲಿಯಲು ಹೋದರೆ ಅರ್ಧ ದಿನ ಏಳುವುದರಲ್ಲೇ ಕಳೆಯುತ್ತದೆ.

ಒಂದು ಮೀಟರ್ ಹಿಮ ಬಿತ್ತಂತೆ. ಇನ್ನು ಯಂತ್ರ ಯಾಕೆ?

ಆ ಒಂದು ಮೀಟರ್‌ನಲ್ಲಿ ಬಹುಪಾಲು ಗಾಳಿ. ಯಂತ್ರದಿಂದ ಒತ್ತಿ ಹದ ಮಾಡಿದ ಮೇಲೆ 20 ಸೆಂಟಿಮೀಟರ್ ಉಳಿದರೆ ಹೆಚ್ಚು. ಕೆಳಗೆ ಹುಲ್ಲುಗಾವಲಿದ್ದರೆ ಅಷ್ಟು ನಡೆಯುತ್ತದೆ, ಕಲ್ಲುಬಂಡೆ ಇದ್ದರೆ ಸಾಲದು. ರೆಸಾರ್ಟ್‌ನವರು ಇಷ್ಟಪಡುವುದು ಕೆಳಗೆ ಯಂತ್ರದ ಗಟ್ಟಿ ಪದರ, ಮೇಲೆ ಆಕಾಶದ ಹೊಸ ಹಿಮ. ನನ್ನನ್ನು ಕೇಳಿದರೂ ಅದಕ್ಕಿಂತ ಒಳ್ಳೆ ಇಳಿಜಾರಿಲ್ಲ.

ಭಾರತದಲ್ಲಿ ಎಲ್ಲಿ ಯಾವ ಹಿಮ?

ಗುಲ್ಮಾರ್ಗ್ ನಂಬಿರುವುದು ಆಕಾಶವನ್ನು. ಮೆಡಿಟರೇನಿಯನ್ ಕಡೆಯಿಂದ ಚಳಿಗಾಲದಲ್ಲಿ ತೇವ ಹೊತ್ತು ಬರುವ ಗಾಳಿಯ ಸುಳಿಗಳಿವೆ. ಹವಾಮಾನ ಇಲಾಖೆಯ ಸುದ್ದಿಯಲ್ಲಿ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಕೇಳಿರುತ್ತೀರಿ. ಅವು ಹಿಮಾಲಯಕ್ಕೆ ಡಿಕ್ಕಿ ಹೊಡೆದಾಗ ಕಾಶ್ಮೀರದಲ್ಲಿ ಹಿಮ. ಡಿಸೆಂಬರ್ 21ರಿಂದ 40 ದಿನಗಳ ಕಡುಚಳಿಯನ್ನು ಅಲ್ಲಿಯವರು ಚಿಲ್ಲಾಯಿ ಕಲಾನ್ ಎನ್ನುತ್ತಾರೆ. ಹಿಮ ಕೂಡಿಕೊಳ್ಳುವ ಕಾಲ ಅದು. ಊರು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲಾದ, ಅಂದರೆ ಕೇಬಲ್ ಕಾರಿನ, ಎರಡನೇ ಹಂತ ಅಫರ್ವತ್ ಬೆಟ್ಟದಲ್ಲಿ 3,900 ಮೀಟರ್‌ಗೂ ಮೇಲೆ ಬಿಡುತ್ತದೆ. ಆ ಎತ್ತರದಲ್ಲಿ ಬಿದ್ದ ಹಿಮ ಒಣಗಿ, ಹಗುರವಾಗಿ, ಬಹಳ ದಿನ ಉಳಿಯುತ್ತದೆ. ಹೊರದೇಶದವರು ಗುಲ್ಮಾರ್ಗ್‌ಗೆ ಬರುವುದೇ ಆ ಪುಡಿಹಿಮಕ್ಕಾಗಿ.

ಆದರೆ ಆಕಾಶ ಕೈಕೊಟ್ಟರೆ ಗುಲ್ಮಾರ್ಗ್‌ಗೆ ಎರಡನೇ ದಾರಿ ಇಲ್ಲ. 2024ರ ಜನವರಿಯ ಬಹುಭಾಗ ಅಲ್ಲಿನ ಹುಲ್ಲುಗಾವಲು ಕಂದಾಗಿಯೇ ಇತ್ತು. 2025ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಭಾಗ ಹಿಮವಿಲ್ಲದೆ ಮಾರ್ಚ್‌ಗೆ ಹೋಯಿತು.

ಉತ್ತರಾಖಂಡದ ಔಲಿಯ ಕಥೆ ಬೇರೆ. ಅಲ್ಲಿ ಗನ್‌ಗಳಿವೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಕಾಲದಲ್ಲಿ ತಂದವು. ಅವಕ್ಕೆ ನೀರು ಕೊಡಲು ಬೆಟ್ಟದ ಮೇಲೆ ಒಂದು ಕೃತಕ ಕೆರೆಯೂ ಇದೆ. ಹಾಗಿದ್ದೂ ಹಿಮ ಸಾಲದೆ ಅಲ್ಲಿನ ರಾಷ್ಟ್ರೀಯ ಸ್ಪರ್ಧೆಗಳು ರದ್ದಾಗಿವೆ, 2023ರಲ್ಲೂ ಹಾಗೇ ಆಯಿತು. ಔಲಿ ಇರುವುದು ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿ. ರಾತ್ರಿ ಸಾಕಷ್ಟು ತಣ್ಣಗಾಗದಿದ್ದರೆ ಗನ್ ಏನೂ ಮಾಡಲಾರದು. ಚಳಿ ಬಂದ ರಾತ್ರಿ ಪಂಪು, ಪೈಪು, ಕರೆಂಟು, ನಡೆಸುವ ಜನ, ಎಲ್ಲ ತಯಾರಿರಬೇಕು. ಆಲ್ಪ್ಸ್‌ನಲ್ಲಿ ಅದಕ್ಕೆಂದೇ ವರ್ಷಪೂರ್ತಿ ಸಿಬ್ಬಂದಿ ಇರುತ್ತಾರೆ. ಗನ್ ಕೊಳ್ಳುವುದು ಸುಲಭ, ಸಾಕುವುದು ಕಷ್ಟ.

ಹಿಮಾಚಲದ ಸೋಲಂಗ್, ನಾರ್ಕಂಡಾ? ಪೂರ್ತಿ ಆಕಾಶದ ಮರ್ಜಿ.

ಮೋಡ ಬಿತ್ತನೆಯೂ ಇದೂ ಒಂದೇನಾ?

ಅಲ್ಲ. 2017ರಲ್ಲಿ ಕರ್ನಾಟಕ ಸರ್ಕಾರ 'ವರ್ಷಧಾರೆ' ಎಂದು ಮಾಡಿತಲ್ಲ, ಅದು ಆಗಲೇ ಇರುವ ಮೋಡದಿಂದ ಇನ್ನಷ್ಟು ಮಳೆ ಬೀಳಿಸುವ ಯತ್ನ. ಚಳಿ ಮೋಡಕ್ಕೆ ಸಿಲ್ವರ್ ಅಯೋಡೈಡ್ ಬಿತ್ತಿದರೆ ಹಿಮದ ಹರಳಿಗೆ ಬೀಜ ಸಿಗುತ್ತದೆ. 1946ರಲ್ಲಿ ಬರ್ನಾರ್ಡ್ ವಾನೆಗಟ್ ಕಂಡುಕೊಂಡ ವಿದ್ಯೆ ಇದು. ಅಮೆರಿಕದ ವೇಲ್ ರೆಸಾರ್ಟ್ 1970ರ ದಶಕದಿಂದ ಇದಕ್ಕೆ ದುಡ್ಡು ಸುರಿದಿದೆ. ಗನ್‌ಗೆ ಮೋಡ ಬೇಡ, ಬಿತ್ತನೆಗೆ ಮೋಡ ಇಲ್ಲದೆ ಆಗದು.

ಹೋದ ವರ್ಷದ ಹಿಮವನ್ನು ಕೂಡಿಡಬಹುದಾ?

ಕೂಡಿಡುತ್ತಾರೆ. ಸ್ವಿಟ್ಜರ್‌ಲೆಂಡ್‌ನ ದಾವೋಸ್‌ನಲ್ಲಿ ಚಳಿಗಾಲದಲ್ಲಿ ಯಂತ್ರದ ಹಿಮವನ್ನು ಬೆಟ್ಟದಷ್ಟು ಗುಡ್ಡೆ ಹಾಕಿ, ಮೇಲೆ ಸುಮಾರು 40 ಸೆಂಟಿಮೀಟರ್ ಮರದ ಹೊಟ್ಟು ಹೊದಿಸುತ್ತಾರೆ. ಇಡೀ ಬೇಸಿಗೆ ಕಳೆದ ಮೇಲೂ ಮುಕ್ಕಾಲು ಪಾಲು ಉಳಿದಿರುತ್ತದೆ. ಅಕ್ಟೋಬರ್ ಕೊನೆಗೆ ಹೊಟ್ಟು ಸರಿಸಿ, ಹಿಮ ಹರಡಿ, ಕ್ರಾಸ್ ಕಂಟ್ರಿ ಸ್ಕೀಯಿಂಗ್ ದಾರಿ ತೆರೆಯುತ್ತಾರೆ. ಹೊಟ್ಟು ಬಿಸಿಯನ್ನು ಒಳಗೆ ಬಿಡುವುದಿಲ್ಲ. ಅದರ ತೇವ ಆವಿಯಾಗುತ್ತಾ ತಣ್ಣಗೂ ಇಡುತ್ತದೆ. ಇದಕ್ಕೆ ಯಂತ್ರದ ಹಿಮವೇ ಸರಿ, ಹಗುರ ಹಿಮ ಬೇಗ ಕುಸಿದುಹೋಗುತ್ತದೆ. ನನಗೆ ಈ ಉಪಾಯ ಗನ್‌ಗಿಂತ ಜಾಣತನದ್ದು ಅನ್ನಿಸುತ್ತದೆ. ಒಳ್ಳೆ ಚಳಿಯಲ್ಲಿ, ಕಡಿಮೆ ಕರೆಂಟಿನಲ್ಲಿ ಮಾಡಿಟ್ಟುಕೊಂಡರೆ ಆಯಿತು.

ಬಿಸಿಲಲ್ಲೂ ಹಿಮ ಮಾಡುವ ಯಂತ್ರ ಇಲ್ವಾ? ದುಬೈನಲ್ಲಿ ಮಾಡ್ತಾರಲ್ಲ?

ದುಬೈನವರು ಬಿಸಿಲಲ್ಲಿ ಮಾಡುವುದಿಲ್ಲ, ಫ್ರಿಜ್ಜಿನೊಳಗೆ ಮಾಡುತ್ತಾರೆ. 2005ರಲ್ಲಿ ತೆರೆದ ಸ್ಕೀ ದುಬೈ ಒಳಗೆ ಹಗಲು ಮೈನಸ್ 1–2 ಡಿಗ್ರಿ. ರಾತ್ರಿ ಇನ್ನೂ ಕೆಳಗಿಳಿಸಿ ಗನ್ ಓಡಿಸುತ್ತಾರೆ. ಅತಿ ಉದ್ದದ ಇಳಿಜಾರು 400 ಮೀಟರ್.

ಹೊರಗಿನ ಬಿಸಿಯಲ್ಲೂ ಕೆಲಸ ಮಾಡುವ ಯಂತ್ರಗಳು ಇವೆ. ಇಸ್ರೇಲಿನ ಐಡಿಇ ಕಂಪನಿಯ ಯಂತ್ರ ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಆಳ ಚಿನ್ನದ ಗಣಿಗಳನ್ನು ತಂಪು ಮಾಡಲು. ನಿರ್ವಾತದಲ್ಲಿ ನೀರಿನ ಒಂದು ಪಾಲು ಆವಿಯಾದರೆ ಉಳಿದದ್ದು ಹೆಪ್ಪುಗಟ್ಟುತ್ತದೆ, ಅಷ್ಟೇ ತತ್ವ. ಅದನ್ನು ಸ್ವಿಟ್ಜರ್‌ಲೆಂಡ್‌ನ ಝೆರ್ಮಾಟ್, ಆಸ್ಟ್ರಿಯಾದ ಪಿಟ್ಸ್‌ಟಾಲ್‌ನಲ್ಲಿ ಇಟ್ಟರು. ಆದರೆ ಕರೆಂಟು ಹೊರೆ, ಬರುವ ಹಿಮ ಕಡಿಮೆ. ಒಂದು ಪುಟ್ಟ ಇಳಿಜಾರಿಗೆ, ಲಿಫ್ಟಿನ ಬುಡಕ್ಕೆ ಸರಿ. ಇಡೀ ಬೆಟ್ಟಕ್ಕೆ ಆಗದ ಮಾತು.

ಬೆಟ್ಟಕ್ಕೆ ಏನಾದರೂ ಕೆಟ್ಟದಾಗುತ್ತದೆಯೇ?

ಎರಡು ಮುಖ ಇವೆ. ದಪ್ಪ ಪದರ ಕೆಳಗಿನ ಹುಲ್ಲನ್ನು ಸ್ಕೀ ಅಂಚು ಮತ್ತು ಯಂತ್ರಗಳ ಹೊಡೆತದಿಂದ ಕಾಪಾಡುತ್ತದೆ. ಆದರೆ ಅದು ಎರಡು ಮೂರು ವಾರ ತಡವಾಗಿ ಕರಗುತ್ತದೆ. ಆಲ್ಪ್ಸ್‌ನ ಎತ್ತರದಲ್ಲಿ ಗಿಡಗಳಿಗೆ ಸಿಗುವ ಬೇಸಿಗೆಯೇ ಚಿಕ್ಕದು, ಅದರಲ್ಲಿ ಮೂರು ವಾರ ಹೋದರೆ ಬೇಗ ಹೂ ಬಿಡುವ ಜಾತಿಗಳು ಹಿಂದೆ ಬೀಳುತ್ತವೆ. ಕೆರೆ, ಹೊಳೆ ನೀರಿನಲ್ಲಿ ಲವಣಗಳೂ ಇರುತ್ತವೆ. ಬಡ ಮಣ್ಣಿಗೆ ಅದು ಗೊಬ್ಬರ ಹಾಕಿದಂತೆ, ಹೀಗಾಗಿ ಅಲ್ಲಿನ ಗಿಡಗಳ ಬಗೆಯೇ ಬದಲಾಗುತ್ತದೆ. ಪೈಪು ಹೂಳಲು ಬೆಟ್ಟ ಅಗೆಯುವುದು ಮಾತ್ರ ಎಲ್ಲಕ್ಕಿಂತ ದೊಡ್ಡ ಗಾಯ.

ನೀರು ಎಲ್ಲಿಯದು ಅನ್ನುವುದೂ ಜಗಳಕ್ಕೆ ಕಾರಣ. ಅಮೆರಿಕದ ಅರಿಜೋನಾ ಸ್ನೋಬೌಲ್‌ನಲ್ಲಿ 2012ರಿಂದ ಶುದ್ಧೀಕರಿಸಿದ ಒಳಚರಂಡಿ ನೀರಿನಿಂದಲೇ ಹಿಮ ಮಾಡುತ್ತಾರೆ. ಹೋಪಿ, ನವಾಹೊ ಜನರಿಗೆ ಆ ಬೆಟ್ಟ ಪವಿತ್ರ. ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿದರು.

ಬಿಸಿ ಏರುತ್ತಾ ಹೋದರೆ ಗನ್ ಎಷ್ಟು ದಿನ ಕಾಪಾಡುತ್ತದೆ?

ಸ್ವಲ್ಪ ದಿನ, ಎಲ್ಲರನ್ನೂ ಅಲ್ಲ. 2023ರಲ್ಲಿ ಬಂದ ಒಂದು ಅಧ್ಯಯನ ಯೂರೋಪಿನ 2,234 ಸ್ಕೀ ರೆಸಾರ್ಟ್‌ಗಳನ್ನು ನೋಡಿತು. ಜಗತ್ತು 2 ಡಿಗ್ರಿ ಬಿಸಿಯಾದರೆ, ಗನ್ ಇಲ್ಲದಿದ್ದಲ್ಲಿ ಶೇ. 53 ರೆಸಾರ್ಟ್‌ಗಳಿಗೆ ಹಿಮದ ಕೊರತೆಯ ಅಪಾಯ ಅತಿ ಹೆಚ್ಚು. ಅರ್ಧ ಇಳಿಜಾರಿಗೆ ಗನ್ ಇಟ್ಟರೆ ಅದು ಶೇ. 27ಕ್ಕೆ ಇಳಿಯುತ್ತದೆ. 4 ಡಿಗ್ರಿ ಆದರೆ ಗನ್ ಇಲ್ಲದೆ ಶೇ. 98, ಗನ್ ಇದ್ದರೂ ಶೇ. 71.

ಇಟಲಿಯಲ್ಲಿ ಈಗಾಗಲೇ ಸುಮಾರು ಶೇ. 90 ಇಳಿಜಾರುಗಳಿಗೆ ಗನ್ ವ್ಯವಸ್ಥೆ ಇದೆ. ಅಲ್ಲಿ ಇನ್ನಷ್ಟು ಗನ್ ಇಡಲು ಜಾಗವೇ ಉಳಿದಿಲ್ಲ. ಉಳಿದಿರುವುದು ಎತ್ತರ ಮಾತ್ರ. ತಗ್ಗಿನ ಊರುಗಳಿಗೆ ಅದೂ ಇಲ್ಲ. ಬಿಸಿ ಏರಿದಂತೆ ಗನ್ ಓಡಿಸಬಹುದಾದ ಗಂಟೆಗಳೂ ಕಡಿಮೆಯಾಗುತ್ತವೆ. ಕಾಯಿಲೆ ಜೋರಾದಷ್ಟೂ ಔಷಧಿ ಕೆಲಸ ಮಾಡುವುದು ಕಡಿಮೆ.

ಕೊಡಗಿನಲ್ಲೋ ಕುದುರೆಮುಖದಲ್ಲೋ ಗನ್ ಇಟ್ಟರೆ?

ಮಳೆಗಾಲ ಸಾಲದೆಂದು ಚಳಿಗಾಲದಲ್ಲೂ ಮಳೆ ಸುರಿಸಿದಂತಾಗುತ್ತದೆ, ಅಷ್ಟೇ. ಅಲ್ಲಿನ ಗಾಳಿ ಸೊನ್ನೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಹಿಮವಿಲ್ಲದ ಕೊಡಗಿನಿಂದ ಹಿಮದ ಓಟಗಾರ್ತಿ ಬಂದಿದ್ದಾರೆ. ತೆಕ್ಕಡ ಭವಾನಿ ನಂಜುಂಡ ಖೇಲೋ ಇಂಡಿಯಾ ಕೂಟದಲ್ಲಿ ಕರ್ನಾಟಕಕ್ಕೆ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ, ಅಂದರೆ ಹೆಚ್ಚಾಗಿ ಸಮನೆಲದ ಮೇಲೆ ಸಾಗುವ ಸ್ಕೀಯಿಂಗ್‌ನಲ್ಲಿ, ಚಿನ್ನ ತಂದವರು. ನಾರ್ಡಿಕ್‌ನವರಿಗೆ ಒಂದು ಅನುಕೂಲ ಇದೆ. ಹಿಮವಿಲ್ಲದ ತಿಂಗಳುಗಳಲ್ಲಿ ಚಕ್ರದ ರೋಲರ್ ಸ್ಕೀ ಹಾಕಿಕೊಂಡು ಟಾರು ರಸ್ತೆಯಲ್ಲೇ ಅಭ್ಯಾಸ ಮಾಡಬಹುದು.

ಟಿಕೆಟ್ ಮಾಡುವ ಮುಂಚೆ ಏನು ನೋಡಬೇಕು?

ಆಲ್ಪ್ಸ್‌ಗೆ ಹೋಗುವುದಾದರೆ ಗನ್ ಇದೆಯೇ ಎಂದಲ್ಲ, ಇಳಿಜಾರಿನ ಎತ್ತರ ಎಷ್ಟು ಎಂದು ನೋಡಿ. ಡಿಸೆಂಬರ್‌ನಲ್ಲಿ ಎತ್ತರದ ಊರುಗಳೇ ಸುರಕ್ಷಿತ. ರೆಸಾರ್ಟ್ ಪುಟದಲ್ಲಿ ತೆರೆದ ಇಳಿಜಾರು ಎಷ್ಟು ಕಿಲೋಮೀಟರ್ ಎಂದು ಹಾಕಿರುತ್ತಾರೆ. ಹಿಮದ ಆಳಕ್ಕಿಂತ ಆ ಅಂಕಿ ನಂಬಬಹುದು. ಮ್ಯೂನಿಕ್, ಝೂರಿಕ್‌ನಲ್ಲಿ ಇರುವ ನಮ್ಮವರಿಗೆ ಕೊನೆ ಗಳಿಗೆಯಲ್ಲಿ ಹೊರಡುವ ಅನುಕೂಲವಿದೆ. ಬೆಂಗಳೂರಿನಿಂದ ಹೊರಡುವವರಿಗೆ ಅದಿಲ್ಲ.

ಗುಲ್ಮಾರ್ಗ್‌ಗಾದರೆ ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದ ನಡುವೆ ಇಟ್ಟುಕೊಳ್ಳಿ, ದಿನಾಂಕ ಬದಲಿಸಲು ಬರುವ ಟಿಕೆಟ್ ತೆಗೆದುಕೊಳ್ಳಿ. ಹೊಸ ಹಿಮ ಜೋರಾಗಿ ಬಿದ್ದ ಮರುದಿನ ಗೊಂಡೋಲಾದ ಎರಡನೇ ಹಂತ ಮುಚ್ಚಿರಬಹುದು. ಗಲಾಟೆ ಮಾಡಬೇಡಿ. ಹಳೆ ಪದರದ ಮೇಲೆ ಕೂತ ಹೊಸ ಹಿಮ ಜಾರಿ ಬರುವ ಅಪಾಯ ಆಗಲೇ ಜಾಸ್ತಿ. 2023ರ ಫೆಬ್ರವರಿಯಲ್ಲಿ ಅಫರ್ವತ್‌ನಲ್ಲಿ ಇಬ್ಬರು ಪೋಲೆಂಡ್ ಸ್ಕೀಯರ್‌ಗಳು, 2024ರ ಫೆಬ್ರವರಿಯಲ್ಲಿ ಒಬ್ಬ ರಷ್ಯನ್ ಸ್ಕೀಯರ್ ಹಿಮಕುಸಿತದಲ್ಲಿ ಸತ್ತರು. ಗುರುತು ಹಾಕಿದ ಇಳಿಜಾರು ಬಿಟ್ಟು ಹೊರಗೆ ಹೋಗುವುದಾದರೆ ಸ್ಥಳೀಯ ಗೈಡ್, ಬೀಕನ್ (ಹಿಮದಡಿ ಹೂತವರನ್ನು ಪತ್ತೆಮಾಡುವ ಸಂಕೇತ ಸಾಧನ), ಸಲಿಕೆ ಇಲ್ಲದೆ ಹೋಗಬೇಡಿ. ಅಂದಿನ ಹಿಮಕುಸಿತದ ಮುನ್ಸೂಚನೆಯನ್ನು ಇಳಿಜಾರಿನ ಕಾವಲು ನೋಡಿಕೊಳ್ಳುವ ಸ್ಕೀ ಪ್ಯಾಟ್ರೋಲ್‌ನವರ ಹತ್ತಿರ ಬೆಳಗ್ಗೆಯೇ ಕೇಳಿಕೊಳ್ಳಿ.